ವಾರಂಟ್ ಬಂದಿದೆಯೆಂದು ಹೆದರಬೇಡಿ

ಮ್ಯಾಸಚೂಸೆಟ್ಸ್‌ಗೆ ಬಂದು ಎರಡು ತಿಂಗಳೂ ಆಗಿಲ್ಲ, ‘ಟೌನ್ ಮೀಟಿಂಗ್ ವಾರಂಟ್’ ಎಂಬ ಕಾಗದ ಅಂಚೆಯಲ್ಲಿ ಬಂದಿದೆ, ವೀಸಾಕ್ಕೆ ತೊಂದರೆಯೇ, ಆ ಸಭೆಗೆ ನಾವು ಹೋಗಬಹುದೇ ಎಂದು ಕೇಳಿದ್ದೀರಿ. 1998ರಲ್ಲಿ ಅಂಥದೇ ಕಾಗದ ಹಿಡಿದು ನಾನೂ ಒಂದು ರಾತ್ರಿ ನಿದ್ದೆಗೆಟ್ಟಿದ್ದೆ. ನಮ್ಮ ಕಡೆ ವಾರಂಟ್ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಇಲ್ಲಿ ಅದು ಊರಸಭೆಯ ಕರೆಯೋಲೆ, ಅಷ್ಟೆ. ಅದರಲ್ಲಿ ನಮೂದಾಗದ ವಿಷಯವನ್ನು ಸಭೆ ತೀರ್ಮಾನಿಸುವಂತಿಲ್ಲ.

ಹೋಗಬಹುದು. ಮತ ಹಾಕುವಂತಿಲ್ಲ. ಮತದಾರರಲ್ಲದವರಿಗೆ ತೋರಿಸಿದ ಜಾಗದಲ್ಲೇ ಕುಳಿತುಕೊಳ್ಳಿ. ಪಕ್ಕದವರು ಎತ್ತಿದರೆಂದು ಮರೆತೂ ಕೈ ಎತ್ತಬೇಡಿ.

ಇದನ್ನು ನಮ್ಮ ಗ್ರಾಮಸಭೆಯಂತೆ ಎಂದುಕೊಂಡರೆ ಅರ್ಧ ಸರಿ. ಇಲ್ಲಿ ರೂಢಿ ಮೊದಲು ಬಂತು, ಕಾನೂನು ಆಮೇಲೆ. 1632ರಲ್ಲಿ ವಾಟರ್‌ಟೌನ್‌ನವರು ತಮ್ಮನ್ನು ಕೇಳದೆ ಹಾಕಿದ ತೆರಿಗೆಗೆ ತಕರಾರು ತೆಗೆದರು. 1634ರಲ್ಲಿ ಊರೂರಿನ ಪ್ರತಿನಿಧಿಗಳು ಜನರಲ್ ಕೋರ್ಟಿನಲ್ಲಿ ಕುಳಿತರು. (ಕೋರ್ಟ್ ಎಂದರೂ ಅದು ಶಾಸನಸಭೆ, ಇಂದಿಗೂ ಅದೇ ಹೆಸರು.) ಈ ನಡುವೆ, 1633ರಲ್ಲಿ, ಡಾರ್ಚೆಸ್ಟರ್‌ನ ಜನ ಬೆಳಗಿನ ಎಂಟಕ್ಕೆ ಡೋಲು ಬಾರಿಸಿ ಊರಸಭೆ ಸೇರಲು ಕಟ್ಟಳೆ ಮಾಡಿಕೊಂಡರು. 1774ರಲ್ಲಿ ಗವರ್ನರನ ಅನುಮತಿಯಿಲ್ಲದೆ ಇಂಥ ಸಭೆ ಕೂಡದೆಂದು ಬ್ರಿಟಿಷ್ ಪಾರ್ಲಿಮೆಂಟ್ ಕಾನೂನು ತಂದಿತೆಂದರೆ ಇವುಗಳ ಬಲವೆಷ್ಟೆಂದು ನೀವೇ ಊಹಿಸಿ.

ನಾನು ತಡವಾಗಿ ತಿಳಿದದ್ದು ಬೇರೊಂದು ಸಂಗತಿ. 1641ರ ‘ಬಾಡಿ ಆಫ್ ಲಿಬರ್ಟೀಸ್’ ಎಂಬ ಶಾಸನದ 12ನೆಯ ವಿಧಿಯ ಪ್ರಕಾರ, ಊರಿನವನಾಗಲಿ ಪರದೇಶಿಯಾಗಲಿ, ಯಾವ ಗಂಡಸೇ ಆಗಲಿ, ಊರಸಭೆಗೆ ಬಂದು ಬಾಯಿಮಾತಿನಲ್ಲೋ ಬರವಣಿಗೆಯಲ್ಲೋ ತನ್ನ ವಿಚಾರ ಮಂಡಿಸಬಹುದಿತ್ತು. ಅದೇ ಶಾಸನ ಗುಲಾಮಗಿರಿಗೂ ದಾರಿ ಬಿಟ್ಟಿತ್ತು. ಮತದ ಹಕ್ಕಂತೂ ಚರ್ಚಿನ ಸದಸ್ಯರಾದ ಗಂಡಸರಿಗಷ್ಟೇ ಸೀಮಿತವಾಗಿತ್ತು. ಆದ್ದರಿಂದ ತೀರ ಮೆಚ್ಚಿಕೊಳ್ಳಬೇಡಿ. ಆದರೂ ಪರದೇಶಿ ಎಂಬ ಆ ಪದವನ್ನು ಓದಿದಾಗ ನನಗೆ ನಾಚಿಕೆಯಾಯಿತು.

ಏಕೆಂದರೆ 2001ರ ವಾರಂಟಿನಲ್ಲಿ ನಮ್ಮ ರಸ್ತೆಯಿಂದ ಶಾಲೆಯವರೆಗೆ ಕಾಲುದಾರಿ ಕಟ್ಟುವ ಪ್ರಸ್ತಾಪವಿತ್ತು. ಗ್ರೀನ್ ಕಾರ್ಡೂ ಇಲ್ಲದವನಿಗೆ ಊರ ಉಸಾಬರಿ ಏಕೆಂದು ನಾನು ಮನೆಯಲ್ಲೇ ಉಳಿದೆ. ಆ ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲವಲ್ಲ ಎಂದು ಒಬ್ಬರು ಹೇಳಿದರಂತೆ. ಕೆಲವೇ ಮತಗಳಿಂದ ಪ್ರಸ್ತಾಪ ಬಿದ್ದುಹೋಯಿತು. ಆಗಿನ್ನೂ ಕಾರು ಕಲಿಯದ ನನ್ನ ಹೆಂಡತಿ ಮಗಳ ಕೈ ಹಿಡಿದು ದಿನಕ್ಕೆರಡು ಸಲ ಅದೇ ರಸ್ತೆಯಲ್ಲಿ ನಡೆಯುತ್ತಿದ್ದಳು. ಸಭೆ ನಡೆಸುವ ಮಾಡರೇಟರ್ ಅನುಮತಿ ಕೊಟ್ಟಿದ್ದರೆ ಇಷ್ಟನ್ನು ನಾನು ಎದ್ದು ನಿಂತು ಹೇಳಬಹುದಿತ್ತು. ಮಗಳು ಆ ಶಾಲೆ ಮುಗಿಸುವವರೆಗೂ ಹಿಮದ ರಾಶಿಗೂ ಕಾರುಗಳಿಗೂ ನಡುವೆಯೇ ನಡೆದಳು.