ದೇವರು ಸುಳ್ಳಾಡಲ್ಲ ಅನ್ನೋದಕ್ಕೂ ಕ್ರೈಸ್ತರು ಸತ್ಯ ಹೇಳಬೇಕು ಅನ್ನೋದಕ್ಕೂ ಏನು ಸಂಬಂಧ?

ನೇರವಾಗಿ ಹೇಳ್ಬೇಕಂದ್ರೆ, ಕ್ರೈಸ್ತರಿಗೆ ಸತ್ಯ ಅನ್ನೋದು ಬರೀ ರೂಲ್ ಅಲ್ಲ, ಅದು ದೇವರ ಸ್ವಭಾವ, ಮಕ್ಕಳು ತಂದೆಯನ್ನ ಹೋಲಬೇಕು ಅನ್ನೋದೇ ಕಾರಣ. ಬೈಬಲಿನ ತೀತ 1:2 ದೇವರನ್ನ ಸುಳ್ಳಾಡದವನು ಅನ್ನುತ್ತೆ, ಇಬ್ರಿಯ 6:18 ಇನ್ನೂ ಮುಂದೆ ಹೋಗಿ ಆತ ಸುಳ್ಳಾಡೋದು ಅಸಾಧ್ಯ ಅನ್ನುತ್ತೆ. ಅಂದ್ರೆ ಶಕ್ತಿ ಕಮ್ಮಿ ಅಂತಲ್ಲ, ತನ್ನ ಸ್ವಭಾವಕ್ಕೆ ವಿರುದ್ಧ ಆತ ನಡೆಯಲ್ಲ ಅಂತ. ಇದು ಮುಖ್ಯ ಯಾಕಂದ್ರೆ ಕ್ರೈಸ್ತ ನಂಬಿಕೆ ಪೂರ್ತಿ ನಿಂತಿರೋದು ಆತ ಕೊಟ್ಟ ಮಾತಿನ ಮೇಲೆ, ಕೊಟ್ಟವನ ಮಾತೇ ಗಟ್ಟಿ ಇಲ್ಲದಿದ್ರೆ ಕ್ಷಮೆ, ನಿತ್ಯಜೀವ ಯಾವುದನ್ನೂ ನಂಬೋಕಾಗಲ್ಲ.

ಬೈಬಲಿನ ಎಫೆಸ ಪತ್ರದ 4ನೇ ಅಧ್ಯಾಯದಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲ ಮೊದಲು ದೇವರ ಹೋಲಿಕೆಯಲ್ಲಿ ಸೃಷ್ಟಿಯಾದ ಹೊಸ ಸ್ವಭಾವ ಧರಿಸಿಕೊಳ್ಳಿ ಅಂತಾನೆ, ಅದರ ಮುಂದಿನ ವಚನದಲ್ಲೇ ಸುಳ್ಳು ಬಿಡಿ ಅಂತಾನೆ, ಅದಕ್ಕೆ ಕೊಡೋ ಕಾರಣ ನಂಗೆ ತುಂಬಾ ಇಷ್ಟ: ನಾವು ಒಂದೇ ದೇಹದ ಅಂಗಗಳು. ಮುಂದೆ ಗುಂಡಿ ಇದ್ದಾಗ ಕಣ್ಣು ಕಾಲಿಗೆ 'ದಾರಿ ಸರಿ ಇದೆ ನಡಿ' ಅಂದ್ರೆ ಬೀಳೋದು ಕಾಲೊಂದೇ ಅಲ್ವಲ್ಲ, ಕಣ್ಣೂ ಬೀಳುತ್ತೆ.

ಇದು ದೊಡ್ಡ ಸುಳ್ಳಿಗೆ ಮಾತ್ರ ಅಲ್ಲ. ಇನ್ನೂ ಮನೇಲಿ ಚಪ್ಪಲಿ ಹುಡುಕ್ತಾ ಫೋನಲ್ಲಿ 'ಆಗ್ಲೇ ಹೊರಟೆ, ಬಂದೇಬಿಟ್ಟೆ' ಅಂತೀವಲ್ಲ, ಅದೂ ಸೇರುತ್ತೆ. ಮತ್ತಾಯ 5:37ರಲ್ಲಿ ಯೇಸು ಆಣೆ ಪ್ರಮಾಣ ಎಲ್ಲ ಬೇಡ, ಹೌದಂದ್ರೆ ಹೌದು ಇಲ್ಲಂದ್ರೆ ಇಲ್ಲ ಅಂತಿರಲಿ ಅಂದಿದ್ದು ಇಂಥ ದಿನನಿತ್ಯದ ಮಾತಿಗೇ.