ತೆರೆಯಿಂದ ರಂಗಕ್ಕೆ ಬಂದ ‘ದಿ ಪ್ರೊಡ್ಯೂಸರ್ಸ್’

ಪ್ರಶ್ನೆ: ಮೆಲ್ ಬ್ರೂಕ್ಸ್ ಅವರ ‘ದಿ ಪ್ರೊಡ್ಯೂಸರ್ಸ್’ ಚಿತ್ರದಲ್ಲಿ ನರ್ತಕರು ಸ್ವಸ್ತಿಕದ ಆಕಾರದಲ್ಲಿ ಸುತ್ತುವುದನ್ನು ಕ್ಯಾಮೆರಾ ಮೇಲಿನಿಂದ ತೋರಿಸುತ್ತದೆ. ಚಿತ್ರವು ಸಂಗೀತ ನಾಟಕವಾದಾಗ ಆ ದೃಶ್ಯವನ್ನು ಹೇಗೆ ತೋರಿಸಿದರು?

ಉತ್ತರ: ಚಿತ್ರವನ್ನು ನೋಡದವರಿಗಾಗಿ ಮೊದಲು ಕಥೆಯನ್ನು ಹೇಳಬೇಕು. ಸೋತು ಸುಣ್ಣವಾದ ನಿರ್ಮಾಪಕನೂ ಅಳುಕು ಸ್ವಭಾವದ ಲೆಕ್ಕಿಗನೂ ಸೇರಿ, ನಾಟಕಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣವನ್ನು ವೃದ್ಧೆಯರಿಂದ ಎತ್ತಿ, ಮೊದಲ ರಾತ್ರಿಯೇ ನೆಲಕಚ್ಚುವಂಥ ನಾಟಕವನ್ನು ಆಡಿಸಿ, ಉಳಿದ ಹಣವನ್ನು ಲಪಟಾಯಿಸಲು ಸಂಚು ಹೂಡುತ್ತಾರೆ. ಅದಕ್ಕೆಂದು ಅವರು ಆರಿಸಿಕೊಳ್ಳುವುದು ಹಿಟ್ಲರನನ್ನು ಹಾಡಿ ಹೊಗಳುವ ನಾಟಕವನ್ನು. ಜನರೋ ಅದನ್ನು ವಿಡಂಬನೆಯೆಂದು ತಿಳಿದು, ನಕ್ಕು, ಗೆಲ್ಲಿಸಿಬಿಡುತ್ತಾರೆ. ನೀವು ಹೇಳಿದ ದೃಶ್ಯ ಬರುವುದು ಆ ನಾಟಕದೊಳಗೆ.

1967ರ ಚಿತ್ರಕ್ಕೆ ಕ್ಯಾಮೆರಾವನ್ನು ಮೇಲಕ್ಕೇರಿಸಿದರೆ ಸಾಕಾಗಿತ್ತು. ಆದರೆ ರಂಗಮಂದಿರದಲ್ಲಿ ಪ್ರೇಕ್ಷಕರು ಎದುರಿಗೇ ಕುಳಿತಿರುತ್ತಾರೆ. ಆದ್ದರಿಂದ ನರ್ತಕರ ಹಿಂಬದಿಗೆ ದೊಡ್ಡ ಕನ್ನಡಿಯೊಂದನ್ನು ಓರೆಯಾಗಿ ಇಳಿಬಿಟ್ಟರು. ಕಣ್ಣೆದುರಿನಲ್ಲಿ ಹೆಜ್ಜೆ ಹಾಕುತ್ತಿರುವ ಸಾಲುಗಳಷ್ಟೇ ಕಾಣುತ್ತಿರುವಾಗ, ಕನ್ನಡಿಯೊಳಗೆ ಅದೇ ಸಾಲುಗಳು ಸುತ್ತುವ ಸ್ವಸ್ತಿಕವಾಗಿ ತೋರುತ್ತವೆ. ನರ್ತಕರನ್ನೂ ಅವರ ಪ್ರತಿಬಿಂಬವನ್ನೂ ಒಮ್ಮೆಗೇ ನೋಡುವ ಈ ಸುಖ ಚಿತ್ರದಲ್ಲಿಯೂ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ನಾಟಕದ ಹಾಡುಗಳು ಯಾರವು? ಕಥೆ ಬದಲಾಗಿದೆಯೇ?

ಉತ್ತರ: ಸಾಹಿತ್ಯವೂ ಸಂಗೀತವೂ ಬ್ರೂಕ್ಸ್ ಅವರದೇ. ಹೆಸರಾಂತ ಸಂಗೀತ ಸಂಯೋಜಕ ಜೆರ್ರಿ ಹರ್ಮನ್ ಅವರನ್ನು ಮೊದಲು ಕೇಳಲಾಗಿತ್ತು. ಚಿತ್ರದ ಹಾಡುಗಳನ್ನು ಬರೆದ ಬ್ರೂಕ್ಸ್ ಅವರೇ ಇದಕ್ಕೂ ಬರೆಯಬೇಕೆಂದು ಅವರು ಒಪ್ಪದೆ ಉಳಿದರು. ಸ್ವರಲಿಪಿ ಬಾರದ ಬ್ರೂಕ್ಸ್ ಹಾಡಿ ತೋರಿಸಿದ ಧಾಟಿಗಳನ್ನು ಗ್ಲೆನ್ ಕೆಲ್ಲಿ ಸಂಗೀತಕ್ಕೆ ಅಳವಡಿಸಿದರು. ಚಿತ್ರದ ಎರಡು ಹಾಡುಗಳನ್ನು ಉಳಿಸಿಕೊಳ್ಳಲಾಯಿತು. ಹಿಟ್ಲರನ ಪಾತ್ರ ಮಾಡುವ ಹಿಪ್ಪಿ ತರುಣನನ್ನು ಮಾತ್ರ ಕೈಬಿಟ್ಟು, ಆ ವೇಷವನ್ನು ಒಳನಾಟಕದ ನಿರ್ದೇಶಕನಿಗೇ ಕಟ್ಟಿದರು.

ಪ್ರಶ್ನೆ: ಇದನ್ನು ನಿರ್ದೇಶಿಸಿದವರು ಯಾರು?

ಉತ್ತರ: ನಿರ್ದೇಶಿಸಬೇಕಾಗಿದ್ದ ಮೈಕ್ ಆಕ್ರೆಂಟ್ 1999ರ ಡಿಸೆಂಬರಿನಲ್ಲಿ ತೀರಿಕೊಂಡರು. ನೃತ್ಯ ಸಂಯೋಜನೆಯ ಹೊಣೆ ಹೊತ್ತಿದ್ದ ಅವರ ಪತ್ನಿ ಸೂಸನ್ ಸ್ಟ್ರೋಮನ್, ಆ ದುಃಖದ ನಡುವೆಯೇ ನಿರ್ದೇಶನವನ್ನೂ ವಹಿಸಿಕೊಂಡರು. 2001ರ ಏಪ್ರಿಲ್ 19ರಂದು ನ್ಯೂಯಾರ್ಕಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ತೆರೆಕಂಡ ಈ ನಾಟಕ 2,502 ಪ್ರದರ್ಶನಗಳನ್ನು ಕಂಡು, ಅಮೆರಿಕದ ರಂಗಭೂಮಿಗೆ ಮೀಸಲಾದ ಟೋನಿ ಪ್ರಶಸ್ತಿಗಳಲ್ಲಿ 12ನ್ನು ಗೆದ್ದು ದಾಖಲೆ ಬರೆಯಿತು. ಅವುಗಳಲ್ಲಿ ನಿರ್ದೇಶನಕ್ಕೆ ಒಂದು, ನೃತ್ಯ ಸಂಯೋಜನೆಗೆ ಒಂದು, ಎರಡು ಸ್ಟ್ರೋಮನ್ ಅವರಿಗೇ ಸಂದವು.