ಮೊದಲು ಆ ಲೀಡರ್ ಹುಡುಗನನ್ನು ಬಿಟ್ಟುಬಿಡಿ

ಯಾದಗಿರಿ ಕಡೆ ಗಂಡುಮಕ್ಕಳ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೀರಿ, ಹುಡುಗರು ಬಾಯಿ ಬಿಡಲ್ಲ, ಕ್ಲಾಸ್ ಲೀಡರ್ ಮಾತ್ರ ಎಲ್ಲರ ಸುದ್ದಿ ಹೇಳ್ತಾನೆ, ಈಗ ಸ್ಟ್ರಿಕ್ಟ್ ಆಗಿರಬೇಕಾ ಫ್ರೆಂಡ್ ಥರ ಇರಬೇಕಾ ಅಂತ ಕೇಳಿದ್ದೀರಿ. ಲೀಡರ್ ಮಾತು ಓದಿದಾಗ ಎದೆ ಧಸಕ್ಕೆಂದಿತು.

ನಾನು ಕಲಬುರಗಿ ಸಿಟಿಯಲ್ಲಿ ಬೆಳೆದವನು. ಶಹಾಪುರ ಕಡೆಯ ಶಾಲೆಗೆ ಗಣಿತದ ಮಾಸ್ತರ್ ಆಗಿ ಹೋದೆ. ಅಲ್ಲೊಬ್ಬ ಹುಡುಗ ಎಲ್ಲರಿಗಿಂತ ಮೊದಲು ಬಂದು ರೂಮಿನ ಬೀಗ ತೆಗೆದು ಬೋರ್ಡ್ ಒರೆಸುತ್ತಿದ್ದ. ಅವನನ್ನೇ ಲೀಡರ್ ಮಾಡಿದೆ. ಯಾರು ಬಂದಿಲ್ಲ ಅಂತ ಕೇಳಿದರೆ ಸಾಕು, "ಅವ ಹತ್ತಿ ಬಿಡಸಾಕ ಹೋಗ್ಯಾನ್ರಿ, ಇವರಪ್ಪ ಕುಡೀತಾನ್ರಿ, ಅವ ಹೋಂವರ್ಕ್ ನೋಡಿ ಬರದಾನ್ರಿ" ಅಂತ ಎಲ್ಲಾ ಒಪ್ಪಿಸುತ್ತಿದ್ದ. ಎಷ್ಟು ಬೇಗ ಕ್ಲಾಸ್ ಅರ್ಥ ಆಗ್ತಿದೆ ಅಂತ ನಂಗೆ ಖುಷಿಯೋ ಖುಷಿ.

ಅವನ ಹತ್ತಿರ ಕೇಳಿದ್ದು ಅರ್ಧ ತಪ್ಪು. ಅದನ್ನು ಕ್ಲಾಸಲ್ಲಿ ಆಡಿ ತೋರಿಸಿದ್ದು ಪೂರ್ತಿ ತಪ್ಪು. ಹೊಟ್ಟೆನೋವು ಅಂತ ಚೀಟಿ ತಂದವನಿಗೆ, ಎಲ್ಲರ ಮುಂದೆ, "ಏನಪ್ಪಾ, ಹತ್ತಿ ಬಿಡಿಸೋಕೆ ಹೋಗಿದ್ದೆಯಂತೆ?" ಅಂದೆ. ಬೈಯೋಕೆ ಅಂತ ಅಲ್ಲ, ನಿಜವಾಗಿ. ಅವನ ಕಷ್ಟ ನಂಗೆ ಗೊತ್ತಿದೆ ಅಂತ ಹೇಳೋಕೆ. ಹಾಗಿದ್ರೆ ಪಕ್ಕಕ್ಕೆ ಕರೆದು ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ. ಯಾಕಂದ್ರೆ ನಂಗೆ ಎಲ್ಲಾ ಗೊತ್ತಾಗುತ್ತೆ ಅಂತ ಉಳಿದವರೂ ತಿಳಕೊಳ್ಳಲಿ ಅನ್ನೋ ಆಸೆ ಒಳಗಿತ್ತು. ಆ ಹುಡುಗ ನನ್ನ ಕಡೆ ನೋಡಲೇ ಇಲ್ಲ. ತಿರುಗಿ ಲೀಡರ್ ಕೂತಿದ್ದ ಮುಂದಿನ ಬೆಂಚ್ ನೋಡಿದ. ಆಮೇಲೆ ಇಡೀ ಕ್ಲಾಸ್ ಮುಂದಿನ ಬೆಂಚ್ ನೋಡಿತು.

ಅಲ್ಲಿಂದ ಲೀಡರ್ ಬಿಸಿಯೂಟಕ್ಕೆ ಒಬ್ಬನೇ ಕೂರತೊಡಗಿದ. ಚಪ್ಪಲಿ ಕಳೀತಿದ್ದವು. ಕಬಡ್ಡಿಗೆ ಯಾವ ಕಡೆಯವರೂ ಕರೀತಿರಲಿಲ್ಲ. ನಾನು ಏನು ಕೇಳಿದರೂ ಇಡೀ ಕ್ಲಾಸಿಂದ "ಗೊತ್ತಿಲ್ರಿ ಸರ್". ಇವತ್ತು ಕಸ ಹೊಡೆಯೋ ಪಾಳಿ ಯಾರದು ಅಂದ್ರೂ ಗೊತ್ತಿಲ್ರಿ! ಅರ್ಧವಾರ್ಷಿಕ ಪರೀಕ್ಷೆ ಆದಮೇಲೆ ಲೀಡರ್ ಹುಡುಗನ ಅಪ್ಪ ಟಿಸಿ ಕೇಳಿಕೊಂಡು ಬಂದರು. "ಸಾಲಿ ಅಂದ್ರ ಅಳ್ತಾನ್ರಿ ಸರ್, ಏನಾಗ್ಯದ ಹೇಳವಲ್ಲ" ಅಂದರು. ನಾನೂ ಹೇಳಲಿಲ್ಲ.

ಹಾಗಾಗಿ ಸ್ಟ್ರಿಕ್ಟಾ ಫ್ರೆಂಡಾ ಅನ್ನೋ ಪ್ರಶ್ನೆನೇ ಬಿಡಿ. ಹುಡುಗರಿಗೆ ಗೆಳೆಯರ ಬರ ಇಲ್ಲ, ಬೈಯೋರ ಬರವೂ ಇಲ್ಲ. ಈ ಮಾಸ್ತರ್ ಕಿವಿಗೆ ಬಿದ್ದ ಮಾತು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ನೋಡ್ತಾರೆ, ಅಷ್ಟೇ.

2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆ ಬಿಸಿಯೂಟಕ್ಕೆ ಮೊಟ್ಟೆ ಶುರುವಾಯ್ತು. ಬೇಡ ಅಂದವರಿಗೆ ಬಾಳೆಹಣ್ಣು. ಹಂಚುವಾಗ ನಾನೂ ಕೂತು ಮೊಟ್ಟೆ ಸುಲಿಯುತ್ತಿದ್ದೆ. ಎಂಟನೇ ತರಗತಿಯ ಒಬ್ಬ ಎಲ್ಲರೆದುರು ಬಾಳೆಹಣ್ಣು ತಗೊಂಡು, ನೀರಿನ ಟಾಕಿ ಹಿಂದೆ ಹೋಗಿ ಮೊಟ್ಟೆಗೆ ಬದಲಾಯಿಸಿಕೊಳ್ತಿದ್ದ. ಒಂದಿನ ಬಾಯಿ ತುಂಬಾ ಮೊಟ್ಟೆ ಇಟ್ಕೊಂಡೇ ನನ್ನ ಎದುರಿಗೆ ಸಿಕ್ಕ, ನುಂಗೋಕೂ ಆಗಲ್ಲ ಉಗುಳೋಕೂ ಆಗಲ್ಲ. "ನೀರು ಕುಡಿ" ಅಂದು ಮುಂದೆ ಹೋದೆ. ಯಾರಿಗೂ ಹೇಳಲಿಲ್ಲ. ಅವರಮ್ಮ ಮೀಟಿಂಗಿಗೆ ಬಂದಾಗಲೂ ಹೇಳಲಿಲ್ಲ, ಅವನು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡ್ತಿದ್ದ. ಮರುದಿನದಿಂದ ತಾನೇ ಬಂದು ಮಾತಾಡಿಸತೊಡಗಿದ. ಹಿಂದೆ ಇನ್ನಿಬ್ಬರು.

ಇನ್ನೊಂದು. ಹತ್ತಿ ಬಿಡಿಸೋ ಕಾಲದಲ್ಲಿ ಹಾಜರಿ ಕಡಿಮೆ ಆಗೇ ಆಗುತ್ತೆ. ಬಂದವನಿಗೆ ಯಾಕೆ ಬರಲಿಲ್ಲ ಅಂತ ಕೇಳಬೇಡಿ. ಕೆಜಿಗೆ ಎಷ್ಟು ಕೊಟ್ಟರು, ಎಷ್ಟು ಕೆಜಿ ಆಯ್ತು ಅಂತ ಕೇಳಿ, ಆ ಲೆಕ್ಕವನ್ನೇ ಬೋರ್ಡ್ ಮೇಲೆ ಹಾಕಿ, ಹೆಸರು ಹಾಕದೆ. ನನ್ನ ಕ್ಲಾಸಲ್ಲಿ ಶೇಕಡಾ ಲೆಕ್ಕ ಬಾರದವನು ಅಂತ ನಾನು ಕೈಬಿಟ್ಟಿದ್ದ ಹುಡುಗ, ತೂಕದಲ್ಲಿ ಎಷ್ಟು ಕಳೆದರು, ಎಷ್ಟು ಮೋಸ ಆಯ್ತು ಅಂತ ಬಾಯಲ್ಲೇ ಹೇಳಿದ.

ಲೀಡರ್ ಹತ್ತಿರ ಹೆಸರು ಬರೆಸೋದು ನಾಳೆಯೇ ನಿಲ್ಲಿಸಿ. ಬೀಗದ ಕೈ ವಾರಕ್ಕೊಬ್ಬನಿಗೆ ಕೊಡಿ. ಎಳ್ಳ ಅಮಾವಾಸ್ಯೆಗೆ, ಅಂದ್ರೆ ಹೊಲದಲ್ಲಿ ಪೂಜೆ ಮಾಡಿ ಅಲ್ಲೇ ಉಣ್ಣೋ ಹಬ್ಬಕ್ಕೆ, ಯಾರಾದ್ರೂ ಹೊಲಕ್ಕೆ ಕರೆದರೆ ರಜೆ ಅಂತ ಊರಿಗೆ ಓಡಬೇಡಿ, ಹೋಗಿ. ಒಬ್ಬನ ಹೊಲದಲ್ಲಿ ಬಜ್ಜಿ ರೊಟ್ಟಿ ತಿಂದರೆ ಪಕ್ಕದ ಹೊಲದ ಹುಡುಗನೂ ಬಂದು ಕೈ ಹಿಡಿದು ಎಳೀತಾನೆ, ಹಾಗಾಗಿ ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನಬೇಡಿ.